ಶ್ರುತಿ ಕೂಡಿಸುವ ವಿದ್ಯೆ : ಕಿನ್ನರಿಯಿಂದ ತಂಬೂರಿಯವರೆಗೆ

ಕನ್ನಡ ನಾಡಿನ ಭಕ್ತಿಪರಂಪರೆಯಲ್ಲಿ ತಂತಿವಾದ್ಯಕ್ಕೆ ಇರುವ ಸ್ಥಾನ ಬಹು ಹಿರಿದು. ವಚನಗಳು, ಸ್ವರವಚನಗಳು, ತತ್ತ್ವಪದಗಳು, ಕೀರ್ತನೆಗಳು ಜನಮಾನಸದಲ್ಲಿ ಉಳಿದುಬಂದುದು ಕಂಠದಿಂದ ಕಂಠಕ್ಕೆ. ಆ ಕಂಠಕ್ಕೆ ಆಧಾರವಾಗಿ ನಿಂತದ್ದು ಒಂದು ಸೋರೆಬುರುಡೆ, ಒಂದು ದಂಡಿಗೆ, ಒಂದೆರಡು ತಂತಿ. ಹಾಡಿದವರ ಚರಿತ್ರೆ ನಮಗೆ ಅಷ್ಟಿಷ್ಟು ತಿಳಿದಿದೆ. ಆದರೆ ಹಾಡುವ ಮುನ್ನ ಅವರು ತಂತಿಯನ್ನು ಹೇಗೆ ಬಿಗಿದರು, ವಾದ್ಯವನ್ನು ಹೇಗೆ ಆರಿಸಿದರು, ಕಿವಿಯನ್ನು ಹೇಗೆ ಪಳಗಿಸಿದರು ಎಂಬುದರ ಕಡೆಗೆ ನಮ್ಮ ಗಮನ ಹರಿದುದು ಕಡಿಮೆ. ಆ ವಿದ್ಯೆಯ ಇತಿಹಾಸವನ್ನು ಸ್ಥೂಲವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೂರ ಹೋಗದೆ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಸೀಮೆಯಿಂದಲೇ ಆರಂಭಿಸೋಣ. ಇದು ಕೆರೆಗಳನ್ನು ನಂಬಿದ ಬಯಲು ನಾಡು. ಹಿಪ್ಪುನೇರಳೆ ತೋಟ, ರೇಷ್ಮೆಗೂಡು, ನೂಲು ಬಿಚ್ಚಾಣಿಕೆ ಇಲ್ಲಿಯ ಜೀವನಾಧಾರ. ಕನ್ನಡ ಮತ್ತು ತೆಲುಗು ಎರಡೂ ಇಲ್ಲಿಯ ಜನರ ನಾಲಗೆಯ ಮೇಲೆ ಸಹಜವಾಗಿ ನಲಿಯುತ್ತವೆ. ನೆರೆಯ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ನಾರೇಯಣ ಯತೀಂದ್ರರು ಈ ಎರಡು ಭಾಷೆಗಳಲ್ಲಿಯೂ ತತ್ತ್ವಪದಗಳನ್ನು ಹಾಡಿದರು. ಗುರುಪೂರ್ಣಿಮೆಯ ಸಂದರ್ಭದಲ್ಲಿ ಇಂದಿಗೂ ಅಲ್ಲಿ ಸಂಗೀತೋತ್ಸವ ನಡೆಯುತ್ತದೆ. ಅಂಥ ಪದಗಳಿಗೆ ಏಕತಾರಿ, ತಂಬೂರಿ, ತಾಳಗಳೇ ಪಕ್ಕವಾದ್ಯ. ಇಂಥ ಸೀಮೆಯಲ್ಲಿ ಶ್ರುತಿಜ್ಞಾನವು ಅರಮನೆಯ ವಿದ್ವಾಂಸರ ಸೊತ್ತಾಗಿ ಮಾತ್ರ ಉಳಿದಿರಲಿಲ್ಲ. ಗೇಯುವ ಕೈಗಳಿಗೂ ಅದು ದಕ್ಕಿತ್ತು.

ಕಲ್ಯಾಣದ ಕಾಲ

ತಂತಿವಾದ್ಯದ ಶಾಸ್ತ್ರ ನಮ್ಮ ದೇಶದಲ್ಲಿ ಅತಿ ಪ್ರಾಚೀನವಾದುದು. ಭರತನ ನಾಟ್ಯಶಾಸ್ತ್ರದಲ್ಲಿಯೇ ಎರಡು ವೀಣೆಗಳ ಪ್ರಯೋಗವೊಂದು ಬರುತ್ತದೆ. ಒಂದೇ ಅಳತೆಯ ಎರಡು ವೀಣೆಗಳನ್ನು ಸಮನಾಗಿ ಶ್ರುತಿ ಮಾಡಿ, ಒಂದನ್ನು ಹಾಗೆಯೇ ಇರಿಸಿ, ಮತ್ತೊಂದರ ತಂತಿಗಳನ್ನು ಕ್ರಮಕ್ರಮವಾಗಿ ಇಳಿಸುತ್ತ, ಎರಡರ ನಾದವನ್ನು ಹೋಲಿಸಿ ಇಪ್ಪತ್ತೆರಡು ಶ್ರುತಿಗಳನ್ನು ಗುರುತಿಸುವ ವಿಧಾನ ಅದು. ಯಾವ ಯಂತ್ರದ ನೆರವೂ ಇಲ್ಲದ ಆ ಕಾಲದಲ್ಲಿ ಕಿವಿಯೊಂದೇ ಪ್ರಮಾಣವಾಗಿತ್ತು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಗೀತ ವಾದ್ಯಗಳಿಗೆ ಪ್ರತ್ಯೇಕ ಪ್ರಕರಣಗಳಿವೆ. ಅದೇ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ಶರಣರ ಕ್ರಾಂತಿ ನಡೆಯಿತು. ಆ ಶರಣರ ನಡುವೆ ಕಿನ್ನರಿ ಬೊಮ್ಮಯ್ಯನೆಂಬಾತನು ತಾನು ನುಡಿಸುತ್ತಿದ್ದ ವಾದ್ಯದ ಹೆಸರಿನಿಂದಲೇ ಪ್ರಸಿದ್ಧನಾದನು. ಅರಸುತನವನ್ನು ತೊರೆದು ಬಂದ ಸಕಳೇಶ ಮಾದರಸನು ವೀಣಾವಾದನದಲ್ಲಿ ನಿಪುಣನೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರ ಒಂದು ಪ್ರಸಿದ್ಧ ವಚನದಲ್ಲಿ ಭಕ್ತನ ದೇಹವೇ ವಾದ್ಯವಾಗುತ್ತದೆ. ಕಾಯ, ಶಿರಸ್ಸು, ನರಗಳು ಕ್ರಮವಾಗಿ ದಂಡಿಗೆ, ಸೋರೆ, ತಂತಿಗಳಾಗಿ ಅಲ್ಲಿ ಕಾಣಿಸಿಕೊಳ್ಳುತ್ತವೆ. ಆ ವಚನದ ಅಧ್ಯಾತ್ಮವನ್ನು ಬಲ್ಲವರು ಬಹಳ ಮಂದಿ. ಇತಿಹಾಸದ ವಿದ್ಯಾರ್ಥಿಗೆ ಅದರಲ್ಲಿ ಮತ್ತೊಂದು ಲಾಭವಿದೆ. ಅಂದಿನ ವಾದ್ಯದ ಅಂಗಗಳು ಯಾವುವೆಂಬುದಕ್ಕೆ ಅದು ಸಾಕ್ಷ್ಯ. ದಂಡಿಗೆಯ ಮೇಲೆ ತಂತಿ, ಕೆಳಗೆ ಸೋರೆ ಇರುವ ವಾದ್ಯ ಜನಸಾಮಾನ್ಯರಿಗೆ ಪರಿಚಿತವಾಗಿದ್ದುದರಿಂದಲೇ ಆ ರೂಪಕ ಎಲ್ಲರ ಮನಸ್ಸನ್ನೂ ಮುಟ್ಟಿತು.

ಮುಂದಿನ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಕಿನ್ನರಿಯ ಪ್ರಭೇದಗಳನ್ನು ವಿವರಿಸಿದ್ದಾನೆ. ಕಿನ್ನರಿಗೆ ಮೆಟ್ಟಿಲುಗಳುಂಟು, ಒಂದೇ ತಂತಿಯಲ್ಲಿ ಹಲವು ಸ್ವರಗಳು ನಿಶ್ಚಿತ ಸ್ಥಾನಗಳಲ್ಲಿ ದೊರೆಯುವಂತಾದುದು ಮೆಟ್ಟಿಲುಗಳಿಂದ. ಹದಿನೈದನೆಯ ಶತಮಾನದ ನಿಜಗುಣ ಶಿವಯೋಗಿಗಳು ವಿವೇಕಚಿಂತಾಮಣಿಯಲ್ಲಿ ಸಂಗೀತ ವಿಷಯವನ್ನು ಕನ್ನಡದಲ್ಲಿಯೇ ನಿರೂಪಿಸಿ, ಸಂಸ್ಕೃತವರಿಯದವರಿಗೂ ಶಾಸ್ತ್ರದ ಬಾಗಿಲನ್ನು ತೆರೆದರು. ಅವರ ಕೈವಲ್ಯಪದ್ಧತಿಯ ಹಾಡುಗಳು ರಾಗ ತಾಳಗಳಲ್ಲಿ ನಿಬದ್ಧವಾಗಿವೆ.

ಮೆಟ್ಟಿಲುಗಳು ನೆಲೆಗೊಂಡ ಬಗೆ

ವಿಜಯನಗರದ ಕಾಲ ವೀಣೆಯ ಇತಿಹಾಸದಲ್ಲಿ ಒಂದು ಸಂಧಿಕಾಲ. ೧೫೫೦ರಲ್ಲಿ ರಾಮಾಮಾತ್ಯನು ರಚಿಸಿದ ಸ್ವರಮೇಳಕಲಾನಿಧಿಯಲ್ಲಿ ತಂತಿಗಳನ್ನು ಕೂಡಿಸುವ ಕ್ರಮವನ್ನನುಸರಿಸಿ ವೀಣೆಗಳನ್ನು ವಿಂಗಡಿಸಲಾಗಿದೆ. ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಅಚ್ಯುತರಾಜೇಂದ್ರಮೇಳ ವೀಣೆ ಎಂಬ ಹೆಸರುಗಳು ಅಲ್ಲಿ ಬರುತ್ತವೆ. ಮೂರನೆಯದು ವಿಜಯನಗರದ ಅರಸನಾದ ಅಚ್ಯುತದೇವರಾಯನ ಹೆಸರನ್ನು ಹೊತ್ತಿದೆ. ಶ್ರುತಿ ಮಾಡುವ ಕ್ರಮವೊಂದಕ್ಕೆ ದೊರೆಯ ಹೆಸರನ್ನಿಟ್ಟ ಕಾಲವದು!

ವಿಜಯನಗರದ ಪತನಾನಂತರ ವಿದ್ಯೆಯ ನೆಲೆ ತಂಜಾವೂರಿಗೆ ಸರಿಯಿತು. ಅಲ್ಲಿಯ ನಾಯಕ ದೊರೆಗಳಿಗೆ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡಿಗರು. ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ, ರಘುನಾಥ ನಾಯಕನ ಕಾಲದಲ್ಲಿ, ಇಪ್ಪತ್ತನಾಲ್ಕು ಮೆಟ್ಟಿಲುಗಳ ವೀಣೆ ಇಂದಿನ ರೂಪವನ್ನು ಪಡೆಯಿತೆಂಬುದು ಪ್ರತೀತಿ. ದೀಕ್ಷಿತರ ಪುತ್ರ ವೆಂಕಟಮಖಿಯು ಚತುರ್ದಂಡೀಪ್ರಕಾಶಿಕೆಯಲ್ಲಿ ಎಪ್ಪತ್ತೆರಡು ಮೇಳಗಳ ಪದ್ಧತಿಯನ್ನು ಸ್ಥಾಪಿಸಿದನು. ಸ್ಥಾಯಿಯೊಂದಕ್ಕೆ ಹನ್ನೆರಡು ಮೆಟ್ಟಿಲು ಸ್ಥಿರವಾಗಿರುವ ವೀಣೆ ಆ ಗಣಿತಕ್ಕೆ ಕಣ್ಣೆದುರಿನ ನಿದರ್ಶನವಾಯಿತು.

ಮೈಸೂರು ಅರಮನೆ ಈ ವಿದ್ಯೆಗೆ ಹೊಸ ಕಾಂತಿಯನ್ನಿತ್ತಿತು. ವೀಣೆ ಶೇಷಣ್ಣನವರು (೧೮೫೨–೧೯೨೬), ವೀಣೆ ಸುಬ್ಬಣ್ಣನವರು, ಅವರ ತರುವಾಯ ವೆಂಕಟಗಿರಿಯಪ್ಪನವರು, ಅವರ ಶಿಷ್ಯರಾದ ದೊರೆಸ್ವಾಮಿ ಅಯ್ಯಂಗಾರ್ಯರು (೧೯೨೦–೧೯೯೭) ಮೈಸೂರು ಬಾನಿಯನ್ನು ಬೆಳಗಿಸಿದರು. ಪಿಟೀಲಿನಲ್ಲಿ ತಿರುಮಕೂಡಲು ಚೌಡಯ್ಯನವರು (೧೮೯೫–೧೯೬೭) ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಯ ವಾದ್ಯವನ್ನು ರೂಪಿಸಿದರು. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದಿದ್ದ ಸಭೆಗಳಲ್ಲಿ ಕೊನೆಯ ಸಾಲಿನವನಿಗೂ ನಾದ ಕೇಳಬೇಕೆಂಬ ಹಂಬಲ ಅದರ ಹಿಂದಿತ್ತು. ಆದರೆ ಏಳು ತಂತಿಗಳನ್ನು ಒಂದೇ ಶ್ರುತಿಯಲ್ಲಿ ನಿಲ್ಲಿಸುವುದು ನಾಲ್ಕನ್ನು ನಿಲ್ಲಿಸುವುದಕ್ಕಿಂತ ಎಷ್ಟು ಕಠಿನವೆಂಬುದನ್ನು ನುಡಿಸುವವರೇ ಬಲ್ಲರು.

ಶ್ರುತಿ ಕೂಡಿಸುವ ಕ್ರಮ

ವೀಣೆಗೆ ಮೆಟ್ಟಿಲುಗಳ ಮೇಲೆ ಹಾಯುವ ನಾಲ್ಕು ತಂತಿಗಳು, ಪಕ್ಕದಲ್ಲಿ ಮೂರು ತಾಳದ ತಂತಿಗಳು. ಮೊದಲಿನ ನಾಲ್ಕು ಕ್ರಮವಾಗಿ ಷಡ್ಜ, ಮಂದ್ರ ಪಂಚಮ, ಮಂದ್ರ ಷಡ್ಜ, ಅನುಮಂದ್ರ ಪಂಚಮಗಳಿಗೆ ನಿಲ್ಲುತ್ತವೆ. ಶ್ರುತಿ ಸರಿಯಾಗಿದೆಯೇ ಎಂಬುದನ್ನು ವೀಣೆಯಿಂದಲೇ ಪರೀಕ್ಷಿಸಬಹುದು. ಎರಡನೆಯ ತಂತಿಯನ್ನು ಐದನೆಯ ಮೆಟ್ಟಿಲಲ್ಲಿ ಒತ್ತಿ ಮೀಟಿದರೆ ಒಂದನೆಯ ತಂತಿಯ ಷಡ್ಜ ಬರಬೇಕು. ಮೂರನೆಯದನ್ನು ಏಳನೆಯ ಮೆಟ್ಟಿಲಲ್ಲಿ ಒತ್ತಿದರೆ ಎರಡನೆಯದರ ಪಂಚಮ ಬರಬೇಕು. ನಾಲ್ಕನೆಯದನ್ನು ಐದರಲ್ಲಿ ಒತ್ತಿದರೆ ಮೂರನೆಯದರ ಷಡ್ಜ ನುಡಿಯಬೇಕು. ಹನ್ನೆರಡನೆಯ ಮೆಟ್ಟಿಲು ತಂತಿಯ ಸರಿಯರ್ಧದಲ್ಲಿದ್ದು ಮೇಲಿನ ಷಡ್ಜವನ್ನು ಕೊಡುತ್ತದೆ. ಮೂರರಲ್ಲಿ ಎರಡು ಪಾಲು ತಂತಿ ನುಡಿದರೆ ಪಂಚಮ. ನಾದದ ಹಿಂದೆ ಇಂಥ ಸರಳ ಗಣಿತವಿದೆ.

ತಂಬೂರಿಗೆ ಮೆಟ್ಟಿಲುಗಳಿಲ್ಲ. ಪಂಚಮವೊಂದು, ಮಧ್ಯದಲ್ಲಿ ಎರಡು ಷಡ್ಜ, ಕೊನೆಗೆ ಮಂದ್ರ ಷಡ್ಜ: ಇಷ್ಟೇ ಅದರ ಸಂಪತ್ತು. ಮೊದಲು ಮಧ್ಯದ ಎರಡು ತಂತಿಗಳನ್ನು ಒಂದರೊಡನೊಂದು ಕೂಡಿಸಬೇಕು. ಎರಡರ ನಡುವೆ ಅತ್ಯಲ್ಪ ಅಂತರವಿದ್ದರೂ ನಾದವು ಅಲೆಅಲೆಯಾಗಿ ಏರಿಳಿಯುತ್ತದೆ. ಬಿರಡೆಯನ್ನು ಸಾವಕಾಶವಾಗಿ ತಿರುಗಿಸುತ್ತ ಹೋದಂತೆ ಆ ಅಲೆ ನಿಧಾನವಾಗಿ, ಕೊನೆಗೆ ಶಾಂತವಾಗುತ್ತದೆ. ಅನಂತರ ಮಂದ್ರ, ಆಮೇಲೆ ಪಂಚಮ. ಬಿರಡೆಯಿಂದ ಸಾಧ್ಯವಾಗದ ಸೂಕ್ಷ್ಮವನ್ನು ಕುದುರೆಯ ಈಚೆಗೆ ತಂತಿಯಲ್ಲಿ ಪೋಣಿಸಿದ ಮಣಿಯಿಂದ ಸಾಧಿಸಬೇಕು.

ಕಟ್ಟಕಡೆಗೆ ಜೀವ ಕೊಡುವ ಕೆಲಸ. ಕುದುರೆಯ ಅಗಲವಾದ ಬೆನ್ನಿಗೂ ತಂತಿಗೂ ನಡುವೆ ಒಂದು ಎಳೆ ದಾರವನ್ನು ಸೇರಿಸಿ ಹಿಂದುಮುಂದಾಗಿ ಸರಿಸಿದಾಗ ಯಾವುದೋ ಒಂದು ಸ್ಥಾನದಲ್ಲಿ ತಂಬೂರಿ ಇದ್ದಕ್ಕಿದ್ದಂತೆ ಝೇಂಕರಿಸುತ್ತದೆ. ಆ ದಾರಕ್ಕೆ ನಮ್ಮ ಹಿರಿಯರು ಜೀವವೆಂದೇ ಹೆಸರಿಟ್ಟರು. ಸರ್ ಸಿ. ವಿ. ರಾಮನ್ನರು ೧೯೨೧ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ವೀಣೆ ತಂಬೂರಿಗಳ ಕುದುರೆಯನ್ನು ವೈಜ್ಞಾನಿಕವಾಗಿ ಪರಿಶೀಲಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಅನುಸ್ವರಗಳು ಹುಟ್ಟಲಾರವೆಂದು ಪಾಶ್ಚಾತ್ಯ ಶಾಸ್ತ್ರ ಹೇಳುತ್ತಿತ್ತೋ, ಆ ಅನುಸ್ವರಗಳೂ ಈ ಬಾಗಿದ ಕುದುರೆಯ ವಾದ್ಯಗಳಲ್ಲಿ ಕೇಳಿಬರುವುದನ್ನು ಅವರು ತೋರಿಸಿಕೊಟ್ಟರು. ಅಲ್ಲಿ ಅವರು ಉಲ್ಲೇಖಿಸಿರುವುದು ಉಣ್ಣೆಯ ಇಲ್ಲವೆ ರೇಷ್ಮೆಯ ದಾರವನ್ನು. ಶಿಡ್ಲಘಟ್ಟದ ಸೀಮೆಯಲ್ಲಿ ಮನೆಮನೆಗೂ ಪರಿಚಿತವಾದ ರೇಷ್ಮೆಯ ಒಂದು ಎಳೆ ತಂಬೂರಿಗೆ ಪ್ರಾಣವಾಗಬಲ್ಲದೆಂಬುದು ದಿಬ್ಬೂರಹಳ್ಳಿಯವರಿಗೆ ಸಂತೋಷದ ಸಂಗತಿಯಾಗಬೇಕು.

ಶ್ರುತಿ ಕೂಡಿಸುವುದು ಕಣ್ಣಿನ ಕೆಲಸವಲ್ಲವೆಂಬುದಕ್ಕೆ ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿ. ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಅಂಧರಾಗಿದ್ದೂ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ದೃಷ್ಟಿಯಿಲ್ಲದೆಯೇ ಪಿಟೀಲು, ಸಾರಂಗಿ ಮೊದಲಾದ ಅನೇಕ ವಾದ್ಯಗಳನ್ನು ನುಡಿಸಿದರು. ಸಾವಿರಾರು ಅಂಧ ಮತ್ತು ಅನಾಥ ಮಕ್ಕಳಿಗೆ ಆ ಆಶ್ರಮ ಅನ್ನವನ್ನೂ ವಿದ್ಯೆಯನ್ನೂ ನೀಡಿತು. ಬಡವನ ಮಗುವಿಗೆ ಸಂಗೀತ ಜೀವನೋಪಾಯವಾಗಬಲ್ಲದೆಂದು ಮಠವೊಂದು ನಂಬಿದ್ದರ ಫಲವಿದು.

ವಾದ್ಯದ ಆಯ್ಕೆ, ಅಭ್ಯಾಸ

ವೀಣೆಗೆ ಹಲಸಿನ ಮರ ಶ್ರೇಷ್ಠವೆಂಬುದು ಬಹುಕಾಲದ ಅನುಭವ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ತಯಾರಿಸುವವರ ಊರೆಂದೇ ಹೆಸರಾಗಿದೆ. ಪೆನ್ನ ಓಬಳಯ್ಯನವರ ಹೆಸರು ಆ ಊರಿನೊಡನೆ ಬೆಸೆದುಕೊಂಡಿದೆ. ಹಲಸಿನ ಮರವನ್ನು ಕೊಯ್ದು, ಒಣಗಿಸಿ, ಕೊಡವನ್ನು ತೋಡಿ, ದಂಡಿ ಕೂಡಿಸಿ, ಮೇಣದಲ್ಲಿ ಮೆಟ್ಟಿಲು ಕೂರಿಸುವ ಕೆಲಸವನ್ನು ಹಳ್ಳಿಯ ಮನೆಗಳ ಅಂಗಳದಲ್ಲಿಯೇ ಮಾಡುತ್ತಾರೆ. ಬಾಗಿಲುವಾಡಕ್ಕೂ ವೀಣೆಗೂ ಒಂದೇ ಮರ. ಅದನ್ನು ನಾದಕ್ಕೆ ತಕ್ಕುದಾಗಿ ಮಾಡುವುದು ಕುಶಲಿಯ ಕೈ. ಗಡಿಯಾಚೆಯ ಮಿರಜಿನಲ್ಲಿ ಸೋರೆಬುರುಡೆಯ ತಂಬೂರಿಗಳನ್ನು ತಯಾರಿಸುತ್ತಾರೆ. ಆ ಊರಿನ ಸಿತಾರ್ ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ವಾದ್ಯವನ್ನು ಕೊಳ್ಳುವವರು ಚಿತ್ತಾರಕ್ಕೆ ಮರುಳಾಗಬಾರದು. ಮರ ಪೂರ್ಣವಾಗಿ ಒಣಗಿದೆಯೇ, ಗಂಟು ಬಿರುಕುಗಳಿವೆಯೇ, ದಂಡಿ ನೇರವಾಗಿದೆಯೇ, ಬಿರಡೆ ಜಾರದೆ ನಿಲ್ಲುವುದೇ ಎಂಬುದನ್ನು ಮೊದಲು ನೋಡಬೇಕು. ಕೊಡವನ್ನು ಬೆರಳಿನಿಂದ ತಟ್ಟಿದಾಗ ದನಿ ಮಂಕಾಗಿರಬಾರದು. ಪ್ರತಿಯೊಂದು ಮೆಟ್ಟಿಲನ್ನೂ ಒತ್ತಿ ಮೀಟಿ, ಎಲ್ಲಿಯೂ ತಂತಿ ಕಿರಗುಟ್ಟದೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮೀಟಿದ ನಾದ ಎಷ್ಟು ಹೊತ್ತು ನಿಲ್ಲುತ್ತದೆಂಬುದೇ ಕೊನೆಯ ಪರೀಕ್ಷೆ. ಕೊಂಡ ಮೇಲೆ ಬಿಸಿಲಿನಿಂದ ದೂರವಿರಿಸಬೇಕು. ಶಾಖಕ್ಕೆ ಮೇಣ ಮೆದುವಾಗಿ ಮೆಟ್ಟಿಲು ಕದಲುತ್ತದೆ, ಮಳೆಗಾಲದ ತೇವಕ್ಕೆ ಬಿರಡೆ ಉಬ್ಬುತ್ತದೆ.

ಅಭ್ಯಾಸದಲ್ಲಿ ಆತುರ ಸಲ್ಲದು. ಮಾಯಾಮಾಳವಗೌಳದ ಸರಳೆ, ಜಂಟಿ, ಅಲಂಕಾರಗಳನ್ನು ಮೂರು ಕಾಲಗಳಲ್ಲಿ ಸಾಧಿಸುವ ಕ್ರಮಕ್ಕೆ ಇಂದಿಗೂ ಪರ್ಯಾಯವಿಲ್ಲ. ಎಡಗೈಯ ತೋರುಬೆರಳು, ನಡುಬೆರಳುಗಳ ತುದಿ ಮೊದಲು ನೋಯುತ್ತದೆ, ಅನಂತರ ಗಡುಸಾಗುತ್ತದೆ. ತುಸು ಎಣ್ಣೆ ಸವರಿಕೊಂಡರೆ ಬೆರಳು ತಂತಿಯ ಮೇಲೆ ಸರಾಗವಾಗಿ ಜಾರುತ್ತದೆ. ಎರಡು ಗಂಟೆ ಒಂದು ದಿನ ಕುಳಿತು ಮೂರು ದಿನ ಬಿಡುವುದಕ್ಕಿಂತ ನಿತ್ಯವೂ ಅರ್ಧ ಗಂಟೆ ಕುಳಿತುಕೊಳ್ಳುವುದು ಲೇಸು. ಆ ಅರ್ಧ ಗಂಟೆಯ ಮೊದಲ ಭಾಗ ಶ್ರುತಿಗೇ ಮೀಸಲಾಗಿರಲಿ.

ಇಂದಿನ ಕರ್ತವ್ಯ

ಹಾರ್ಮೋನಿಯಂ ಬಂದ ಮೇಲೆ ಅನೇಕ ಭಜನಾಮಂದಿರಗಳಲ್ಲಿ ತಂಬೂರಿ ಗೋಡೆಯ ಗೂಟವನ್ನು ಸೇರಿತು. ಹಾರ್ಮೋನಿಯಂ ಗಮಕಕ್ಕೆ ಒಗ್ಗದೆಂದು ಆಕಾಶವಾಣಿ ೧೯೪೦ರಿಂದ ಮೂರು ದಶಕಗಳ ಕಾಲ ಅದನ್ನು ದೂರವಿರಿಸಿದ್ದೂ ಉಂಟು. ಆದರೂ ಅದು ಜನಪ್ರಿಯವಾಯಿತು, ಕಾರಣವೂ ಸ್ಪಷ್ಟ. ಅದಕ್ಕೆ ನಿತ್ಯ ಶ್ರುತಿ ಮಾಡುವ ಶ್ರಮವಿಲ್ಲ. ಅನಂತರ ವಿದ್ಯುತ್ ತಂಬೂರಿ ಬಂದಿತು. ಈಗ ಅಂಗೈಯಲ್ಲಿನ ಫೋನೇ ಶ್ರುತಿ ಕೊಡುತ್ತದೆ. ಇವುಗಳನ್ನು ತಿರಸ್ಕರಿಸುವುದು ಸಾಧುವಲ್ಲ. ಒಬ್ಬಂಟಿಯಾಗಿ ಕಲಿಯುವ ಹಳ್ಳಿಯ ಮಗುವಿಗೆ ಇವುಗಳಿಂದ ಉಪಕಾರವೇ ಆಗಿದೆ. ಆದರೆ ಗುಂಡಿಯೊತ್ತಿ ಪಡೆದ ಶ್ರುತಿಯಲ್ಲಿ ಹಾಡಲು ಕಲಿತ ಮಗುವು, ಎರಡು ತಂತಿಗಳ ನಡುವಣ ಅಲೆಯನ್ನು ಆಲಿಸಿ ಶಾಂತಗೊಳಿಸುವ ವಿದ್ಯೆಯಿಂದ ವಂಚಿತವಾಗುತ್ತದೆ. ಭರತನ ಎರಡು ವೀಣೆಗಳಿಂದ ಗದುಗಿನ ಅಂಧ ಬಾಲಕರವರೆಗೆ ಕೈಯಿಂದ ಕೈಗೆ ಬಂದ ವಿದ್ಯೆ ಅದು. ಒಂದು ತಲೆಮಾರು ಅದನ್ನು ಕಲಿಯದೆ ಹೋದರೆ ಮುಂದಿನದಕ್ಕೆ ಕಲಿಸುವವರೇ ಇರುವುದಿಲ್ಲ.

ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಪ್ರಸಾದವನ್ನುಂಡು, ಬೆಳಗಿನ ಪ್ರಾರ್ಥನೆಯಲ್ಲಿ ದನಿಗೂಡಿಸಿ ಬೆಳೆದು, ಇಂದು ನಾನಾ ಊರುಗಳಲ್ಲಿ ನೆಲೆಸಿರುವ ಬಂಧುಗಳು ಈ ವಿಷಯದಲ್ಲಿ ಬಹಳಷ್ಟನ್ನು ಮಾಡಬಲ್ಲರು. ತಮ್ಮ ಊರಿನ ಭಜನಾಮಂದಿರದ ಗೋಡೆಯಲ್ಲಿ ತೂಗುತ್ತಿರುವ ತಂಬೂರಿಯನ್ನು ಇಳಿಸಿ, ಧೂಳು ಒರೆಸಿ, ಹೊಸ ತಂತಿ ಕಟ್ಟಿಸಲಿ. ಬಲ್ಲ ಹಿರಿಯರೊಬ್ಬರು ಇನ್ನೂ ಇರುವಾಗಲೇ ನಾಲ್ಕು ಮಕ್ಕಳನ್ನು ಅವರ ಬಳಿ ಕುಳ್ಳಿರಿಸಲಿ. ಇದಕ್ಕೆ ತಗಲುವ ವೆಚ್ಚ ಒಂದು ದಿನದ ಉತ್ಸವದ ಧ್ವನಿವರ್ಧಕದ ಬಾಡಿಗೆಯನ್ನು ಬಹಳ ಮೀರಲಾರದು. ದೇಹವನ್ನೇ ದಂಡಿಗೆಯೆಂದು ಭಾವಿಸಿದ ಪರಂಪರೆಯ ಮಕ್ಕಳಿಗೆ ನಿಜವಾದ ದಂಡಿಗೆಯನ್ನು ಹಿಡಿಯುವ ಬಗೆಯನ್ನು ತಿಳಿಸಿಕೊಡುವುದು ನಮ್ಮೆಲ್ಲರ ಹೊಣೆ.