ಕರಗುವ ಹಿಮಪುರುಷನೂ ಬಳಿಯಲ್ಲಿ ಕುಳಿತ ಹಿರಿಯರೂ

ಇಂಗ್ಲೆಂಡಿನಲ್ಲಿ ಕ್ರಿಸ್ತಜಯಂತಿಯ ಮರುದಿನವೂ ಹಬ್ಬವೇ. ಹೊರಗೆ ಕೊರೆಯುವ ಚಳಿ. ಸಂಜೆಯಾಗುವ ಮೊದಲೇ ಕವಿಯುವ ಕತ್ತಲೆ. ಅಜ್ಜ ಅಜ್ಜಿಯರಿಂದ ಹಿಡಿದು ತೊದಲುವ ಕೂಸಿನವರೆಗೆ ಮನೆಮಂದಿಯೆಲ್ಲರೂ ಒಂದೇ ಕೋಣೆಯಲ್ಲಿ ಸೇರುವರು. 1982ನೆಯ ಇಸವಿಯ ಡಿಸೆಂಬರ್ 26ರಂದು ಆ ದೇಶದ ದೂರದರ್ಶನದಲ್ಲಿ ‘ದಿ ಸ್ನೋಮ್ಯಾನ್’, ಎಂದರೆ ಹಿಮಪುರುಷ, ಎಂಬ ಇಪ್ಪತ್ತಾರು ನಿಮಿಷಗಳ ಚಿತ್ರವೊಂದು ಮೊದಲ ಬಾರಿಗೆ ತೋರಿಸಲ್ಪಟ್ಟಿತು. ತೋರಿಸಿದ ‘ಚಾನೆಲ್ ಫೋರ್’ ಎಂಬ ವಾಹಿನಿಯು ಹುಟ್ಟಿ ಆಗ ಎರಡು ತಿಂಗಳೂ ತುಂಬಿರಲಿಲ್ಲ. ಅದು ನಾಲ್ಕನೆಯದು, ಐದನೆಯದು ಇರಲಿಲ್ಲ. ಮನೆಗೆ ಬಹುಮಟ್ಟಿಗೆ ಒಂದೇ ಪೆಟ್ಟಿಗೆಯಿದ್ದ ಕಾಲವದು. ಮಗು ನೋಡಿದುದನ್ನೇ ಮುದುಕನೂ ನೋಡಬೇಕಾಗಿತ್ತು. ಅಂದಿನಿಂದ ಇಂದಿನವರೆಗೆ ಪ್ರತಿ ವರ್ಷದ ಹಬ್ಬಕ್ಕೂ ಆ ಚಿತ್ರವು ಅಲ್ಲಿಯ ಮನೆಗಳಿಗೆ ಬರುತ್ತಲೇ ಇದೆ. ತಾಯಿಯ ಮಡಿಲಲ್ಲಿ ಕುಳಿತು ಅದನ್ನು ನೋಡಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಅದನ್ನೇ ನೋಡುತ್ತಿದ್ದಾರೆ.

ಆಶ್ಚರ್ಯವೇನೆಂದರೆ, ಈ ಹಬ್ಬದ ಚಿತ್ರಕ್ಕೆ ಮೂಲವಾದ ಪುಸ್ತಕದಲ್ಲಿ ಹಬ್ಬದ ಸುಳಿವೇ ಇಲ್ಲ. ಅದನ್ನು ರಚಿಸಿದವನು ರೇಮಂಡ್ ಬ್ರಿಗ್ಸ್. 1934ರಲ್ಲಿ ಲಂಡನ್ನಿನ ವಿಂಬಲ್ಡನ್ನಿನಲ್ಲಿ ಹುಟ್ಟಿದವನು. ತಂದೆ ಮನೆಮನೆಗೆ ಹಾಲು ಹಂಚುತ್ತಿದ್ದವನು. 1971ರಲ್ಲಿ ತಂದೆ ತಾಯಿಗಳಿಬ್ಬರೂ ತೀರಿಕೊಂಡರು. 1973ರಲ್ಲಿ ರಕ್ತದ ಅರ್ಬುದರೋಗದಿಂದ ಹೆಂಡತಿಯೂ ಹೋದಳು. ಐದು ವರ್ಷಗಳ ಮೇಲೆ, 1978ರಲ್ಲಿ, ಈ ಪುಸ್ತಕ ಹೊರಬಂದಿತು. ಅದರಲ್ಲಿ ಒಂದು ಮಾತೂ ಇಲ್ಲ. ಬಣ್ಣದ ಪೆನ್ಸಿಲ್ಲಿನಿಂದ ಬರೆದ ಚಿತ್ರಗಳ ಸಾಲಿನಿಂದಲೇ ಕಥೆಯು ನಡೆಯುವುದು. ಕೆಸರು ಕೊಳೆಗಳ ಲೋಕದಲ್ಲಿ ವಾಸಿಸುವ ಒಂದು ಭೂತದ ಕಥೆಯನ್ನು ಅದರ ಹಿಂದಿನ ವರ್ಷವಷ್ಟೆ ಮಾತುಗಳನ್ನು ಕಿಕ್ಕಿರಿಸಿ ಬರೆದು ದಣಿದಿದ್ದ ಬ್ರಿಗ್ಸನಿಗೆ, ಶುಭ್ರವಾದುದೂ ಮೌನವಾದುದೂ ಆದ ಒಂದು ಕೃತಿ ಬೇಕೆನಿಸಿತ್ತಂತೆ.

ಕಥೆಯು ಚಿಕ್ಕದು. ಹಿಮ ಬಿದ್ದ ಬೆಳಗಿನಲ್ಲಿ ಒಬ್ಬ ಹುಡುಗನು ಅಂಗಳದಲ್ಲಿ ಹಿಮದ ಬೊಂಬೆಯೊಂದನ್ನು ಮಾಡುವನು: ಕಣ್ಣಿಗೆ ಇದ್ದಲು, ಮೂಗಿಗೆ ಕಿತ್ತಳೆ, ತಲೆಗೊಂದು ಹಳೆಯ ಟೋಪಿ, ಕೊರಳಿಗೊಂದು ಮಫ್ಲರು. ನಡುರಾತ್ರಿ ಅದಕ್ಕೆ ಜೀವ ಬರುವುದು. ಹುಡುಗನು ಅದನ್ನು ಸದ್ದಿಲ್ಲದೆ ಮನೆಯೊಳಕ್ಕೆ ಕರೆತರುವನು. ಬೆಂಕಿಯನ್ನು ಕಂಡರೆ ಈ ಅತಿಥಿಗೆ ಭಯ, ಶೀತಲಪೆಟ್ಟಿಗೆಯೊಳಗಾದರೋ ಪರಮಸುಖ. ಹುಡುಗನ ತಂದೆಯ ಕಟ್ಟಿಸಿದ ಹಲ್ಲುಗಳನ್ನು ತನ್ನ ಬಾಯಿಗೆ ಹಾಕಿಕೊಂಡು ನೋಡುವ ವಿನೋದವೂ ಉಂಟು. ಆಮೇಲೆ ಇಬ್ಬರೂ ಕೈ ಹಿಡಿದುಕೊಂಡು ಆಕಾಶಕ್ಕೆ ಏರುವರು. ಪುಸ್ತಕದಲ್ಲಿ ಅವರು ಬ್ರೈಟನ್ ಎಂಬ ಕಡಲತೀರದ ಊರಿನವರೆಗೆ ಹಾರಿ ಹಿಂದಿರುಗುವರು. ಬೆಳಗಾದ ಮೇಲೆ ಹುಡುಗನು ಓಡಿಹೋಗಿ ನೋಡಿದರೆ ಹಿಮವು ಕರಗಿಹೋಗಿದೆ.

ಚಿತ್ರದ ನಿರ್ದೇಶಕಿ ಡಯಾನ್ ಜಾಕ್ಸನ್ ಮತ್ತು ನಿರ್ಮಾಪಕ ಜಾನ್ ಕೋಟ್ಸ್ ಇವರು ಈ ಹಾರಾಟವನ್ನು ಉತ್ತರಧ್ರುವದವರೆಗೆ ಬೆಳೆಸಿದರು. ಅಲ್ಲಿ ಹಿಮಪುರುಷರ ಸಮಾಜವೇ ಕುಣಿಯುತ್ತಿದೆ. ಕ್ರಿಸ್‌ಮಸ್ ತಾತನು ಹುಡುಗನಿಗೆ ನೀಲಿಯ ಮಫ್ಲರೊಂದನ್ನು ಕಾಣಿಕೆಯಾಗಿ ಕೊಡುತ್ತಾನೆ. ಹಬ್ಬವನ್ನು ಹೀಗೆ ಎಳೆದುತಂದುದು ಮೊದಲು ಬ್ರಿಗ್ಸನಿಗೆ ಅಗ್ಗದ ಉಪಾಯವೆಂದು ತೋರಿತು. ಅದು ಬಹಳ ಚೆನ್ನಾಗಿಯೇ ಕೂಡಿಬಂದಿತೆಂದು ತರುವಾಯ ಅವನೇ ಒಪ್ಪಿದನು. ಒಪ್ಪತಕ್ಕದ್ದೇ. ಕಾಣಿಕೆಯ ಆ ಮಫ್ಲರಿನಿಂದಲೇ ಕೊನೆಯ ದೃಶ್ಯಕ್ಕೆ ಪುಸ್ತಕದಲ್ಲಿಲ್ಲದ ತೀಕ್ಷ್ಣತೆಯು ಬಂದಿದೆ. ಪೆನ್ಸಿಲ್ಲಿನ ಗೆರೆಗಳ ಮೃದುತ್ವವನ್ನು ಉಳಿಸುವುದಕ್ಕಾಗಿ ಕಲಾವಿದರು ಒಂದೊಂದು ಚಿತ್ರಕ್ಕೂ ಕೈಯಿಂದಲೇ ಬಣ್ಣ ಉಜ್ಜಿದರು. ಬಣ್ಣವು ಒಂದು ಚಿತ್ರದಿಂದ ಮತ್ತೊಂದಕ್ಕೆ ತುಸು ತುಸು ಕದಲುವುದರಿಂದ ಹಿಮವು ಉಸಿರಾಡುವಂತೆ ಕಾಣುತ್ತದೆ.

ಚಿತ್ರದಲ್ಲಿಯೂ ಮಾತಿಲ್ಲ. ಹೊವರ್ಡ್ ಬ್ಲೇಕ್ ರಚಿಸಿದ ವಾದ್ಯಸಂಗೀತವುಂಟು. ಹಾರುವ ವೇಳೆಗೆ ಒಂದೇ ಒಂದು ಹಾಡುಂಟು. ಅದನ್ನು ಹಾಡಿದವನು ಲಂಡನ್ನಿನ ಸಂತ ಪೌಲನ ದೇವಾಲಯದ ಗಾಯಕ ಬಾಲಕನಾದ ಪೀಟರ್ ಆಟಿ. 1985ರಲ್ಲಿ ಏಲೆಡ್ ಜೋನ್ಸ್ ಎಂಬ ಇನ್ನೊಬ್ಬ ಬಾಲಕನು ಅದೇ ಹಾಡನ್ನು ಹಾಡಿ ಪ್ರಸಿದ್ಧನಾದನು. ಚಿತ್ರದಲ್ಲಿ ಕೇಳುವ ಕಂಠವೂ ಅವನದೇ ಎಂದು ಜನರು ಬಹುಕಾಲ ನಂಬಿದರು. ಮೊದಲು ಹಾಡಿದವನ ಹೆಸರನ್ನು ಚಿತ್ರದಲ್ಲಿ ಬರೆದೇ ಇರಲಿಲ್ಲ. ಅದನ್ನು ಸೇರಿಸಿದುದು ಇಪ್ಪತ್ತು ವರ್ಷಗಳ ಮೇಲೆ. ಕೀರ್ತಿಯ ದಾರಿಗಳು ಎಲ್ಲ ದೇಶಗಳಲ್ಲಿಯೂ ಹೀಗೆಯೇ!

ಮಾತಿಲ್ಲದಿರುವುದರ ಫಲವೊಂದನ್ನು ಇಲ್ಲಿ ಗಮನಿಸಬೇಕು. ಇಂದ್ರಾದಿಗಳು ಬ್ರಹ್ಮನನ್ನು ಬೇಡಿದುದು ಕಣ್ಣಿಗೂ ಕಿವಿಗೂ ಒದಗುವ ಒಂದು ಆಟದ ವಸ್ತುವನ್ನೆಂದು ಭರತಮುನಿಯ ಶಾಸ್ತ್ರವು ಹೇಳುವುದಷ್ಟೆ. ಈ ಚಿತ್ರವು ಅಂತಹ ಆಟದ ವಸ್ತುವೇ ಸರಿ. ಆದರೆ ಅದು ಮೂಕವಾದುದರಿಂದ ಮೂರು ವರ್ಷದ ಮಗುವು ಸುಮ್ಮನೆ ಕೂರಲಾರದು. ‘ಅದು ಯಾರು? ಈಗ ಎಲ್ಲಿಗೆ ಹೋಗುತ್ತಾರೆ? ಅಮ್ಮ ಎದ್ದುಬಿಟ್ಟರೆ?’ ಎಂದು ಕೇಳುತ್ತಲೇ ಇರುವುದು. ಪಕ್ಕದಲ್ಲಿರುವ ಹಿರಿಯರು ಉತ್ತರ ಹೇಳಲೇಬೇಕು. ಹೀಗೆ ಚಿತ್ರಕಾರರು ಬರೆಯದೆ ಬಿಟ್ಟ ಮಾತನ್ನೆಲ್ಲ ಆಯಾ ಮನೆಯ ತಾಯಿಯೋ ಅಜ್ಜನೋ ತುಂಬುತ್ತ ಹೋಗುವರು. ಮಕ್ಕಳನ್ನು ಪೆಟ್ಟಿಗೆಯ ಮುಂದೆ ಕೂರಿಸಿ ಹಿರಿಯರು ತಮ್ಮ ಕೆಲಸಕ್ಕೆ ಹೋಗಲು ಅನುಕೂಲವಾಗುವಂತಹ ಚಿತ್ರಗಳು ಲೆಕ್ಕವಿಲ್ಲದಷ್ಟಿವೆ. ಇದು ಆ ಜಾತಿಯದಲ್ಲ.

ಕಥೆಯೊಳಗಿನ ಹಿರಿಯರಾದರೋ ಅದ್ಭುತವು ನಡೆಯುವಷ್ಟು ಹೊತ್ತೂ ನಿದ್ರೆಯಲ್ಲಿರುವರು. ಬೆಳಗ್ಗೆ ಎದ್ದ ಮೇಲೂ ಅವರಿಗೆ ಏನೊಂದೂ ತಿಳಿಯದು. ಹುಡುಗನು ಅವರನ್ನು ದಾಟಿಕೊಂಡು ಹೊರಕ್ಕೆ ಓಡುವನು. ಟೋಪಿ, ಹಳೆಯ ಮಫ್ಲರು, ಇದ್ದಲು, ಕಿತ್ತಳೆ—ಹಿಮದ ಗುಪ್ಪೆಯ ಮೇಲೆ ಇಷ್ಟೇ ಬಿದ್ದಿವೆ. ಎಲ್ಲವೂ ಕನಸೆನ್ನೋಣವೆಂದರೆ, ತಾತನು ಕೊಟ್ಟ ನೀಲಿಯ ಮಫ್ಲರು ಅಂಗಿಯ ಜೇಬಿನಲ್ಲಿ ಕೈಗೆ ಸಿಕ್ಕುವುದು! ಕನಸಾಗಿದ್ದರೆ ನಷ್ಟವೂ ಸುಳ್ಳಾಗುತ್ತಿತ್ತು. ಆ ಸಮಾಧಾನವೂ ಇಲ್ಲವಾಯಿತು. ಹುಡುಗನು ಮೊಣಕಾಲೂರಿ ಕುಳಿತುಬಿಡುವನು. ಅವನ ಬಳಿಗೆ ಯಾರೂ ಬರುವುದಿಲ್ಲ. ಚಿತ್ರವು ಮುಗಿಯುವುದು.

ಹಬ್ಬದ ದಿನ ಎಳೆಯ ಮಕ್ಕಳಿಗೆ ಇದನ್ನು ತೋರಿಸಬಹುದೇ ಎಂಬ ಸಂದೇಹವು ಸಹಜ. ಬ್ರಿಗ್ಸನು 2012ರಲ್ಲಿ ಪತ್ರಿಕೆಯೊಂದಕ್ಕೆ ನೇರವಾಗಿಯೇ ಉತ್ತರ ಕೊಟ್ಟನು: ತನ್ನ ಕಥೆಯು ಹಬ್ಬದ ವಿಷಯವಲ್ಲ, ಮರಣದ ವಿಷಯ, ಅಜ್ಜ ಅಜ್ಜಿಯರೂ ಸಾಕಿದ ಪ್ರಾಣಿಗಳೂ ಸಾಯುವುದನ್ನು ಮಕ್ಕಳು ಎಂದಾದರೂ ಕಾಣಲೇಬೇಕು ಎಂಬುದು ಅವನ ಅಭಿಪ್ರಾಯ. ನಮ್ಮ ಆಲಂಕಾರಿಕರಲ್ಲಿ ವಿಶ್ವನಾಥನು ಇದೇ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ಎತ್ತಿದ್ದಾನೆ. ಕರುಣರಸವು ಕೇವಲ ದುಃಖವನ್ನೇ ಕೊಡುವುದಾದರೆ ಅದರ ಕಡೆಗೆ ಯಾರೂ ಮುಖ ಮಾಡುತ್ತಿರಲಿಲ್ಲವೆಂದೂ, ರಾಮಾಯಣಾದಿಗಳೇ ದುಃಖಕ್ಕೆ ಕಾರಣಗಳಾಗುತ್ತಿದ್ದುವೆಂದೂ ಅವನ ವಾದ. ಆದರೆ ಆ ವಾದವು ಹೇಳಿದುದು ಸಹೃದಯನನ್ನು ಕುರಿತು. ಮೂರು ವರ್ಷದ ಮಗುವು ಇನ್ನೂ ಸಹೃದಯನಲ್ಲ. ಹಿಮಪುರುಷನು ನಿಜವಾಗಿಯೇ ಹೋದನೆಂದು ಅದು ಅಳುವುದು. ಆ ಅಳುವನ್ನು ರಸವನ್ನಾಗಿ ಮಾಡುವವರು ಹೆಗಲ ಮೇಲೆ ಕೈಯಿಟ್ಟು ಕುಳಿತವರು. ಚಿತ್ರದ ಹುಡುಗನಿಗೆ ದೊರೆಯದುದು ನೋಡುವ ಮಗುವಿಗೆ ದೊರೆಯುತ್ತದೆ. ಒಂಟಿಯಾಗಿ ನೋಡುವ ಮಗುವಿಗೆ ಇದು ಬೇರೆಯೇ ಚಿತ್ರ, ತುಸು ಕ್ರೂರವಾದ ಚಿತ್ರ, ಎನ್ನಲು ಸಂಕೋಚವೇಕೆ?

ದುಃಖಾಂತವನ್ನು ಮೃದುಮಾಡುವ ಯತ್ನಗಳು ನಡೆಯದೆ ಇಲ್ಲ. ಅಮೆರಿಕದವರಿಗಾಗಿ ಸಿದ್ಧಪಡಿಸಿದ ಪ್ರತಿಯಲ್ಲಿ ಗಾಯಕ ಡೇವಿಡ್ ಬೋವಿಯು ಮೊದಲಲ್ಲಿ ಕಾಣಿಸಿಕೊಂಡು, ಮನೆಯ ಅಟ್ಟದ ಮೇಲೆ ನಿಂತು, ತಾನೇ ಬೆಳೆದು ದೊಡ್ಡವನಾದ ಆ ಹುಡುಗನೆಂಬಂತೆ ಹಳೆಯ ಮಫ್ಲರನ್ನು ಎತ್ತಿ ತೋರಿಸುವನು. ಹುಡುಗನು ದುಃಖವನ್ನು ದಾಟಿ ಬಾಳಿದನೆಂಬುದು ಹೀಗೆ ಕಥೆಗೆ ಮೊದಲೇ ತಿಳಿದುಹೋಗುವುದು. 2012ರ ಡಿಸೆಂಬರ್ 24ರಂದು ಬಂದ ಉತ್ತರಭಾಗದಲ್ಲಿ ಹಿಮದ ನಾಯಿಯೊಂದೂ ಇದೆ. ಕ್ರಿಸ್‌ಮಸ್ ತಾತನು ಕೊಟ್ಟ ಕೊರಳಪಟ್ಟಿಯಿಂದ ಅದು ನಿಜವಾದ ನಾಯಿಯಾಗಿ ಉಳಿಯುವುದು. ಸೀತೆಯು ಭೂಮಿಯನ್ನು ಸೇರಿದಳೆಂಬ ಆದಿಕವಿಯ ಕಥೆಯನ್ನು ಒಲ್ಲದೆ ಭವಭೂತಿಯು ಉತ್ತರರಾಮಚರಿತದಲ್ಲಿ ದಂಪತಿಗಳನ್ನು ಕೂಡಿಸಿದನು. ಇಲ್ಲಿಯ ಸಂವಿಧಾನವೂ ಆ ದಾರಿಯದೇ. ಆದರೆ ಭವಭೂತಿಯು ಕೂಡಿಸುವ ಮೊದಲು ಕಲ್ಲನ್ನೂ ಅಳಿಸಿದ್ದನು, ಉತ್ತರಭಾಗದವರಿಗೆ ಅಷ್ಟು ವ್ಯವಧಾನವಿರಲಿಲ್ಲ. ಅದನ್ನು ನೋಡಿದ ಮಗುವು ಕೇಳುವ ಪ್ರಶ್ನೆಗಳೂ ಕಡಮೆ.

ಆದರೂ ಹಿಮಪುರುಷನನ್ನು ಉಳಿಸಲು ಅವರೂ ಧೈರ್ಯ ಮಾಡಲಿಲ್ಲ. ಜೀವಂತವಾದ ನಾಯಿಯು ಪಕ್ಕದಲ್ಲಿ ನಿಂತಿರುವಾಗಲೇ ಅವನು ಎರಡನೆಯ ಬಾರಿಯೂ ಕರಗಿಹೋಗುತ್ತಾನೆ. ಬ್ರಿಗ್ಸನು 2022ರ ಆಗಸ್ಟ್ 9ರಂದು, ತನ್ನ ಎಂಬತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡನು. ಆ ವರ್ಷದ ಹಬ್ಬದಲ್ಲಿಯೂ ಚಿತ್ರವು ಎಂದಿನಂತೆ ಮನೆಗಳಿಗೆ ಬಂದಿತು.