ತೂಕ ಇಳಿಸುವ ಸೂಜಿಯ ಲೆಕ್ಕ ಎಲ್ಲಿಂದ ಬಂತು?

ಉಡುಪಿ ಕಡೆ ‘ಶುಗರ್’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಾಪು, ಕಾರ್ಕಳದ ಹಿತ್ತಿಲುಗಳಲ್ಲಿ ಇನ್ಸುಲಿನ್ ಗಿಡ ನೆಟ್ಟು ದಿನಾ ಎಲೆ ಜಗಿಯುವವರಿದ್ದಾರೆ. ಸಕ್ಕರೆ ಇಳಿದರೆ ಅದು ಎಲೆಯಿಂದಲೋ, ಜತೆಗೆ ಅನ್ನ ಕಡಿಮೆ ಮಾಡಿದ್ದರಿಂದಲೋ? ಔಷಧ ಪ್ರಯೋಗಗಳ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಲೆನಾರ್ಡ್ ಥಾಮ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಸಾಯುವ ಹುಡುಗ ಚೇತರಿಸಿಕೊಂಡ. ಬೇರೆ ಸಾಕ್ಷಿ ಬೇಕಾಗಲಿಲ್ಲ. ಆದರೆ ಎಲ್ಲ ಔಷಧಿಯ ಗುಣವೂ ಹಾಗೆ ಕಣ್ಣಿಗೆ ಕಾಣುವುದಿಲ್ಲ. 1948ರಲ್ಲಿ ಬ್ರಿಟನ್ನಿನ ವೈದ್ಯರು ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಯಾರಿಗೆ ಔಷಧಿ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. ಐದೇ ವರ್ಷದಲ್ಲಿ, 1953ರಲ್ಲಿ, ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದರು. ಇಂದು ವೈದ್ಯ ಕಾಲೇಜುಗಳಲ್ಲಿ ಪಾಠವಾಗಿರುವ ಪ್ರಯೋಗ ವಿಧಾನ ಅದೇ.

ಹೊಸ ಸೂಜಿಯ ಕತೆ ಹಲ್ಲಿಯೊಂದರಿಂದ ಶುರು. ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತದೆ. ಅದು ಸಕ್ಕರೆ, ಹಸಿವು ಎರಡನ್ನೂ ಹಿಡಿತದಲ್ಲಿಡುತ್ತದೆ, ಆದರೆ ಕೆಲವೇ ನಿಮಿಷದಲ್ಲಿ ಕರಗಿಹೋಗುತ್ತದೆ. 1992ರಲ್ಲಿ ಅಮೆರಿಕದ ಡಾ. ಜಾನ್ ಎಂಗ್, ಗಿಲಾ ಮಾನ್‌ಸ್ಟರ್ ಎಂಬ ಹಲ್ಲಿಯ ವಿಷದಲ್ಲಿ ಅದನ್ನೇ ಹೋಲುವ, ಹೆಚ್ಚು ಹೊತ್ತು ಉಳಿಯುವ ವಸ್ತು ಕಂಡರು. 2005ರಲ್ಲಿ ಅದು ಔಷಧಿಯಾಯಿತು. ಮುಂದೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಬಂದವು; ಇವು ವಾರಕ್ಕೊಂದು ಸೂಜಿ.

2021ರ ‘ಸ್ಟೆಪ್ 1’ ಪ್ರಯೋಗದಲ್ಲಿ 1,961 ಮಂದಿ ಇದ್ದರು. 68 ವಾರದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ 14.9% ಇಳಿಯಿತು, ಔಷಧಿಯಿಲ್ಲದ ಸೂಜಿ ಪಡೆದವರದು 2.4%. 2022ರ ‘ಸರ್ಮೌಂಟ್-1’ರಲ್ಲಿ ಟಿರ್ಜೆಪಟೈಡಿನ ಹೆಚ್ಚಿನ ಡೋಸ್ 20.9% ಇಳಿಸಿತು. ಭಾರತವೂ ಅದರಲ್ಲಿತ್ತು.

ಎಲ್ಲರ ಬಾಯಲ್ಲಿರುವ ಲೆಕ್ಕ ಇದೇ. ಆದರೆ ಈ ಎರಡೂ ಪ್ರಯೋಗಗಳಿಗೆ ಸಕ್ಕರೆ ಕಾಯಿಲೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ! ಕಾಯಿಲೆ ಇದ್ದವರ ಮೇಲೆ ನಡೆದ ‘ಸ್ಟೆಪ್ 2’ರಲ್ಲಿ ಸೆಮಾಗ್ಲುಟೈಡ್ ಇಳಿಸಿದ್ದು 9.6%, ‘ಸರ್ಮೌಂಟ್-2’ರಲ್ಲಿ ಟಿರ್ಜೆಪಟೈಡ್ 14.7%. ಸಣ್ಣ ಫಲವೇನಲ್ಲ. ಆದರೆ ಶುಗರ್ ಇರುವ ನಮ್ಮ ಮನೆಯವರು ನೋಡಬೇಕಾದ್ದು ಈ ಅಂಕಿಯನ್ನು.

ಇನ್ನೊಂದು ಮಾತು. ‘ಸ್ಟೆಪ್ 4’ರಲ್ಲಿ 20 ವಾರದ ಬಳಿಕ ಸೂಜಿ ನಿಲ್ಲಿಸಿದವರ ತೂಕ ಮುಂದಿನ 48 ವಾರದಲ್ಲಿ 6.9% ಮರಳಿ ಏರಿತು. ಅಂದರೆ ಇದು ಬಿಪಿ ಮಾತ್ರೆಯಂತೆ, ಬಹುಕಾಲ ಬೇಕಾಗುವ ಔಷಧಿ. 2025ರ ಮಾರ್ಚ್‌ನಲ್ಲಿ ಮೌಂಜಾರೊ ಭಾರತಕ್ಕೆ ಬಂದಾಗ ಅತಿ ಕಡಿಮೆ ಡೋಸಿನ ಒಂದು ಸೀಸೆಗೆ, ಅಂದರೆ ಒಂದು ವಾರಕ್ಕೆ, 3,500 ರೂಪಾಯಿ. ಬೀಡಿ ಕಟ್ಟುವ, ಮೀನು ಮಾರುವ ಮನೆಗೆ ಅದು ಎಟಕುವುದಲ್ಲ. ಸೆಮಾಗ್ಲುಟೈಡಿನ ಪೇಟೆಂಟ್ ಅವಧಿ ಇಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಆಮೇಲೆ ಬೆಲೆ ಇಳಿದಷ್ಟೂ ಆಸೆ ಹೆಚ್ಚುತ್ತದೆ. ಸೂಜಿ ಬರೆದುಕೊಡುವ ಡಾಕ್ಟರರನ್ನು ಎರಡೇ ಮಾತು ಕೇಳೋಣ: ನನ್ನಂಥವರ ಮೇಲೆ ಪರೀಕ್ಷಿಸಿದಾಗ ಎಷ್ಟು ಇಳಿಯಿತು? ನಿಲ್ಲಿಸಿದರೆ ಏನಾಗುತ್ತದೆ?