ದೊರೆಯ ಕೋವಿ, ದೊಡ್ಡಜ್ಜಿಯ ಸೌದೆ

ಒಂಬತ್ತನೇ ತರಗತಿಯ ಹುಡುಗನೊಬ್ಬ ಲೈಬ್ರರಿ ಪೀರಿಯಡ್ಡಿನಲ್ಲಿ ಪುಸ್ತಕ ಎದೆಗವಚಿಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವ ಕೆನೆತ್ ಆಂಡರ್ಸನ್ನನ ಕಾಡಿನ ಕತೆ ಅದು. “ಮಿಸ್, ಇವರ ಹತ್ರ ಪಾಯಿಂಟ್ ನಾಲ್ಕು ನೂರೈದು ರೈಫಲ್ ಇತ್ತಂತೆ. ನಾಲ್ಕು ನೂರೈದು ಅಂದ್ರೆ ಏನು ಮಿಸ್? ಅದಕ್ಕಿಂತ ದೊಡ್ಡದು ಇರಲಿಲ್ವಾ?” ಎಂದ.

ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಪಾಣಿಪತ್ ಕದನಗಳ ಇಸವಿ ಕೇಳಿದರೆ ನಿದ್ದೆಯಲ್ಲೂ ಹೇಳಿಯೇನು. ಈ ಪ್ರಶ್ನೆಗೆ ಮಾತ್ರ ಉತ್ತರ ಗೊತ್ತಿರಲಿಲ್ಲ. “ನಾಳೆ ಹೇಳ್ತೀನಿ” ಎಂದು ಮೇಷ್ಟರುಗಳ ಹಳೆಯ ಉಪಾಯದಲ್ಲಿ ಪಾರಾದೆ. ಆ ನಾಳೆ ಬರಲು ಮೂರು ತಿಂಗಳು ಹಿಡಿಯಿತು. ಹೆಂಗಸಿಗೇಕೆ ಕೋವಿಯ ಉಸಾಬರಿ ಎಂದು ನೀವು ನಗಬಹುದು, ನಮ್ಮ ಮನೆಯವರೂ ನಕ್ಕರು. ಆದರೆ ಹುಡುಗನ ಪ್ರಶ್ನೆ ನನ್ನ ಅಜ್ಜಿಯ ಮಾತೊಂದನ್ನು ಕೆದಕಿಬಿಟ್ಟಿತ್ತು.

ಅಜ್ಜಿಯ ತವರು ಚಾಮರಾಜನಗರದ ಕಡೆಯ ಕಾಡಂಚಿನ ಒಂದು ಹಳ್ಳಿ. ಅವಳಿಗೊಬ್ಬ ಅಕ್ಕ ಇದ್ದಳು, ನಮಗೆ ದೊಡ್ಡಜ್ಜಿ. ನಾವು ಯಾರೂ ನೋಡಿದವರಲ್ಲ, ಅಜ್ಜಿಗೆ ಹದಿನೈದು ತುಂಬುವ ಮೊದಲೇ ಅವಳು ತೀರಿಹೋಗಿದ್ದಳು. ಬೇಟೆಗೆ ಬಂದ ದೊರೆಯೊಬ್ಬ ಕಾಟಿಗೆ ಗುಂಡು ಹೊಡೆದನಂತೆ. ಜಿಂಕೆ ಹೊಡೆಯುವ ಸಣ್ಣ ಕೋವಿಯಲ್ಲಿ ಹೊಡೆದ ಎಂದು ಜೊತೆಗೆ ಹೋಗಿದ್ದ ಊರಿನವರು ಆಮೇಲೆ ಹೇಳಿದರಂತೆ. ಕಾಟಿ ಬೀಳಲಿಲ್ಲ, ಗಾಯ ಹೊತ್ತುಕೊಂಡು ಲಂಟಾನದ ಪೊದೆ ಸೇರಿತು. ಕತ್ತಲಾಯಿತೆಂದು ದೊರೆ ಬಿಡಾರಕ್ಕೆ ತಿರುಗಿದ; ಮಾರನೆಯ ದಿನ ಅವನಿಗೆ ಮೈಸೂರಿನಲ್ಲಿ ಏನೋ ಕೆಲಸವಿತ್ತು, ಹೊರಟುಹೋದ. ಮೂರನೆಯ ದಿನ ದೊಡ್ಡಜ್ಜಿ ಸೌದೆಗೆ ಹೋದಳು. “ಸೌದೆ ಹೊರೆ ಕಟ್ಟಿ ಇಟ್ಟಿದ್ದು ಕಟ್ಟಿದಂಗೇ ಇತ್ತು ಮಗಾ” ಎನ್ನುತ್ತಿದ್ದಳು ಅಜ್ಜಿ. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಕೊಲ್ಲೋ ಕೈಯಾದ್ರೆ ಕೊಲ್ಲಬೇಕು, ಇಲ್ಲಾ ಸುಮ್ಕಿರಬೇಕು. ಗಾಯ ಮಾಡಿ ಬಿಡಬಾರದು” ಎಂದು ಎಲೆ ಅಡಿಕೆಗೆ ಕೈ ಹಾಕುತ್ತಿದ್ದಳು.

ಬೇಟೆಯ ಕೋವಿಗಳ ಚರಿತ್ರೆಯನ್ನು ಓದುತ್ತ ಹೋದಂತೆ, ಗಂಡಸರು ನೂರೈವತ್ತು ವರ್ಷ ದಪ್ಪ ದಪ್ಪ ಪುಸ್ತಕಗಳಲ್ಲಿ ಮಾಡಿದ ವಾದವನ್ನೆಲ್ಲ ಅಜ್ಜಿ ಎಷ್ಟು ಚಿಕ್ಕದಾಗಿ ಹೇಳಿ ಮುಗಿಸಿದ್ದಳು ಎಂದು ಆಶ್ಚರ್ಯವಾಯಿತು.

ಮೊದಲು ಲೆಕ್ಕದ ವಿಷಯ. ಹಿಂದಿನ ಕಾಲದಲ್ಲಿ ಕೋವಿಯ ನಳಿಗೆಯನ್ನು ಇಂಚಿನಲ್ಲಿ ಅಳೆಯುತ್ತಿರಲಿಲ್ಲ. ಒಂದು ಪೌಂಡ್ ಸೀಸದಿಂದ ಆ ನಳಿಗೆಗೆ ಸರಿಹೋಗುವ ಎಷ್ಟು ಉಂಡೆಗಳನ್ನು ಮಾಡಬಹುದೋ ಅದೇ ಅದರ ನಂಬರು, ಅದನ್ನೇ ಬೋರ್ ಎನ್ನುತ್ತಿದ್ದರು. ಹನ್ನೆರಡು ಉಂಡೆಯಾದರೆ ಹನ್ನೆರಡು ಬೋರು, ನಾಲ್ಕೇ ಉಂಡೆಯಾದರೆ ನಾಲ್ಕು ಬೋರು. ನಾವು ಒಂದು ಸೇರು ಹಿಟ್ಟಿಗೆ ಎಷ್ಟು ಉಂಡೆ ಎಂದು ಲೆಕ್ಕ ಹಾಕುವುದಿಲ್ಲವೆ, ಹಾಗೆ. ಆದ್ದರಿಂದ ನಂಬರು ಇಳಿದಂತೆ ಗುಂಡು ದೊಡ್ಡದಾಗುತ್ತದೆ. ಹನ್ನೆರಡು ಬೋರಿನ ಗುಂಡು ಸುಮಾರು 38 ಗ್ರಾಂ ತೂಗಿದರೆ, ನಾಲ್ಕು ಬೋರಿನದು 113 ಗ್ರಾಂ. ದೊಡ್ಡ ನಿಂಬೆಹಣ್ಣಿನ ತೂಕದ ಸೀಸ!

ಇಂಥದ್ದೊಂದು ಕೋವಿ ನಮ್ಮ ಅಜ್ಜಿಯ ಊರಿನ ಆಸುಪಾಸಿನ ಕಾಡುಗಳಲ್ಲೇ ಓಡಾಡಿತ್ತು. ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷಿನವನು 1864ರಲ್ಲಿ ಭಾರತಕ್ಕೆ ಬಂದು, ಮೈಸೂರು ಸೀಮೆಯಲ್ಲಿ ನೀರಾವರಿ ನಾಲೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. 1874ರಲ್ಲಿ ಚಾಮರಾಜನಗರದ ಸಮೀಪ ಖೆಡ್ಡಾ ತೋಡಿಸಿ ಆನೆ ಹಿಂಡನ್ನು ಜೀವಂತ ಹಿಡಿದದ್ದು ಅವನೇ. 1878ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಕೋವಿಯ ಆಯ್ಕೆಯ ಬಗ್ಗೆ ಬರೆದಿದ್ದಾನೆ. ಮೊದಮೊದಲು ಹನ್ನೆರಡು ಬೋರಿನಲ್ಲಿ ಆನೆ ಹೊಡೆದನಂತೆ. ಅದು ಸಾಲದೆಂದು ಅನುಭವದಿಂದ ತಿಳಿದು ನಾಲ್ಕು ಬೋರಿಗೆ ಬಂದ; ಕೊನೆಗೆ ಗ್ರೀನರ್ ಕಂಪನಿಯ ಜೋಡುನಳಿಗೆ ಕೋವಿಯೊಂದನ್ನು ಇಟ್ಟುಕೊಂಡ. ಅದರ ತೂಕ ಹತ್ತೊಂಬತ್ತು ಪೌಂಡು, ಅಂದರೆ ಎಂಟೂವರೆ ಕಿಲೋಗೂ ಮೇಲೆ. ಒಂದು ವರ್ಷದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಾಲ್ಕು ಮೈಲಿ ನಡೆದ ತಾಯಿಗೆ ಆ ಭಾರ ಎಷ್ಟೆಂದು ಹೇಳಬೇಕಾಗಿಲ್ಲ. ದೊರೆಗಳು ಆ ಭಾರವನ್ನು ತಾವು ಹೊರುತ್ತಿರಲಿಲ್ಲ, ಅದನ್ನು ಹೊರಲು ಕೋವಿಯಾಳು ಇರುತ್ತಿದ್ದ.

ಇದಕ್ಕೂ ದೊಡ್ಡದಿತ್ತು. ನೈಲ್ ನದಿಯ ಮೂಲ ಹುಡುಕುತ್ತ ಹೆಂಡತಿ ಫ್ಲಾರೆನ್ಸಳೊಡನೆ ಆಫ್ರಿಕಾ ಸುತ್ತಿ 1864ರಲ್ಲಿ ಆಲ್ಬರ್ಟ್ ಸರೋವರ ಕಂಡ ಸ್ಯಾಮ್ಯುಯೆಲ್ ಬೇಕರನ ಬಳಿ ಅರ್ಧ ಪೌಂಡಿನ ಗುಂಡು ಹಾರಿಸುವ ಕೋವಿಯೊಂದಿತ್ತು. ಅವನು ಅದನ್ನು ‘ಬೇಬಿ’ ಎಂದು ಕರೆಯುತ್ತಿದ್ದ, ಜೊತೆಯಲ್ಲಿದ್ದ ಅರಬರು ‘ಫಿರಂಗಿಯ ಕೂಸು’ ಎಂದರು. ಹಾರಿಸಿದಾಗಲೆಲ್ಲ ಅದು ಅವನನ್ನೇ ಗಿರಕಿ ಹೊಡೆಸಿಬಿಡುತ್ತಿತ್ತಂತೆ. ಬೇಕರ್ ಬಲಿಷ್ಠ ಆಳು, ಆದರೂ ಅದನ್ನು ಹಾರಿಸಲು ಅಂಜುತ್ತಿದ್ದ.

ಇಷ್ಟು ದೊಡ್ಡದು ಯಾಕೆ ಬೇಕಿತ್ತು? ಆಗ ಇದ್ದದ್ದು ಹೊಗೆಯುಗುಳುವ ಕರಿ ಮದ್ದು. ಅದು ಗುಂಡಿಗೆ ಹೆಚ್ಚು ವೇಗ ಕೊಡಲಾರದು. ವೇಗ ಇಲ್ಲದ ಕಡೆ ತೂಕದಿಂದಲೇ ಕೆಲಸ ತೆಗೆಯಬೇಕು. ಇಂಗ್ಲೆಂಡಿನಲ್ಲಿ 1889ರಲ್ಲಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂತು. ಅದನ್ನು ಬಳಸಿ ಲಂಡನ್ನಿನ ರಿಗ್ಬಿ ಕಂಪನಿ 1898ರಲ್ಲಿ .450 ನೈಟ್ರೊ ಎಕ್ಸ್‌ಪ್ರೆಸ್ ತಂದಿತು. ಗುಂಡಿನ ತೂಕ ಬರೀ 31 ಗ್ರಾಂ, ವೇಗ ಮಾತ್ರ ಸೆಕೆಂಡಿಗೆ ಸುಮಾರು 650 ಮೀಟರ್. ಎಂಟನೇ ತರಗತಿಯ ಮಕ್ಕಳಿಗೆ ವಿಜ್ಞಾನದ ಮೇಷ್ಟರು ಹೇಳಿಕೊಡುವಂತೆ, ತೂಕ ಎರಡರಷ್ಟಾದರೆ ಶಕ್ತಿಯೂ ಎರಡರಷ್ಟು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ನಾಲ್ಕು ಬೋರಿನ ಕಾಲ ಅಲ್ಲಿಗೆ ಮುಗಿಯುತ್ತ ಬಂತು.

ಇಲ್ಲಿ ಚರಿತ್ರೆಯ ಟೀಚರಿಗೆ ಖುಷಿ ಕೊಡುವ ಸಂಗತಿಯೊಂದಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ .450 ಅಳತೆಯ ಕೋವಿ, ತೋಟಾಗಳನ್ನು ಭಾರತಕ್ಕೆ ಮತ್ತು ಸುಡಾನಿಗೆ ತರುವುದನ್ನು ನಿಷೇಧಿಸಿತು. ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ಬಂದೂಕಿನ ನಳಿಗೆಯೂ ಅದೇ ಅಳತೆ. ಬೇಟೆಯ ಗುಂಡು ದಂಗೆಕೋರರ ಕೈ ಸೇರಿದರೆ ಎಂಬ ಭಯ! ಕೋವಿ ಕಂಪನಿಗಳು ಸುಮ್ಮನೆ ಕೂರಲಿಲ್ಲ. ನಳಿಗೆಯನ್ನು ಕೂದಲೆಳೆಯಷ್ಟು ಹಿಗ್ಗಿಸಿ .465, .470, .475 ಎಂದು ಹೊಸ ಹೊಸ ನಂಬರು ಮಾಡಿ ಮಾರಿದವು. ಆ ವಿಚಿತ್ರ ಅಂಕಿಗಳ ಹಿಂದೆ ಆನೆ, ಹುಲಿಗಳಿಗಿಂತ ಹೆಚ್ಚಾಗಿ ನಮ್ಮ ಜನರ ಮೇಲಿನ ಭಯ ಕೂತಿದೆ ಎಂದು ಎಷ್ಟು ಜನಕ್ಕೆ ಗೊತ್ತು?

ಹಾಗಾದರೆ ದೊಡ್ಡದೇ ಒಳ್ಳೆಯದೆ? ಈ ಪ್ರಶ್ನೆಗೆ ಬೇಟೆಗಾರರಲ್ಲೇ ಎರಡು ಪಂಗಡ. ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಎಂಬಾತ ಆಫ್ರಿಕಾದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆ ಕೊಂದ. ಓದುವಾಗ ಹೊಟ್ಟೆ ತೊಳಸುತ್ತದೆ, ಆದರೆ ಸಂಗತಿ ಸಂಗತಿಯೇ. ಅದರಲ್ಲಿ ಹೆಚ್ಚಿನದನ್ನು ಕೊಂದದ್ದು .275 ಎಂಬ ಸಣ್ಣ ರೈಫಲಿನಿಂದ, 11 ಗ್ರಾಮಿನ ಗುಂಡಿನಿಂದ. ಸತ್ತ ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಸೀಳಿಸಿ, ಮಿದುಳು ಎಲ್ಲಿದೆ, ಯಾವ ಕೋನದಿಂದ ಅದನ್ನು ಮುಟ್ಟಬಹುದು ಎಂದು ಅವನು ಅಭ್ಯಾಸ ಮಾಡಿದ್ದ. ಗುಂಡು ಎಲ್ಲಿ ತಾಗುತ್ತದೆ ಎಂಬುದೇ ಮುಖ್ಯ, ಎಷ್ಟು ದಪ್ಪ ಎಂಬುದಲ್ಲ ಎಂದು ಅವನ ವಾದ.

ಇನ್ನೊಂದು ಪಂಗಡದವರು ಅದನ್ನು ಅಲ್ಲಗಳೆಯಲಿಲ್ಲ. ಆನೆ ಬಯಲಿನಲ್ಲಿ ನಿಂತಿರುವಾಗ ಅದು ಸರಿ. ಆದರೆ ದಟ್ಟ ಪೊದೆಯಿಂದ ಹತ್ತು ಗಜದಲ್ಲಿ ನುಗ್ಗಿ ಬರುವ ಕಾಟಿಯ ಮಿದುಳನ್ನು ಹುಡುಕುವಷ್ಟು ಪುರುಸೊತ್ತು ಎಲ್ಲಿದೆ? ಆಗ ಬೇಕಾದದ್ದು ಎಲ್ಲಿ ತಾಗಿದರೂ ಪ್ರಾಣಿಯನ್ನು ನಿಲ್ಲಿಸುವ ಪೆಟ್ಟು. ಅದಕ್ಕೇ ಅವರು ಜೋಡುನಳಿಗೆಯನ್ನು ನಂಬಿದರು. ಎರಡು ನಳಿಗೆಗೂ ಬೇರೆ ಬೇರೆ ಕುದುರೆ. ಒಂದು ತೋಟಾ ಕೈಕೊಟ್ಟರೂ ಇನ್ನೊಂದು ಅದೇ ಕ್ಷಣಕ್ಕೆ ಸಿದ್ಧ. ಗುಂಡಿನಲ್ಲೂ ಆಯ್ಕೆಯಿದೆ. ಹುಲಿ, ಚಿರತೆಗೆ ಮೈಯೊಳಗೆ ಹೂವಿನಂತೆ ಅರಳಿಕೊಳ್ಳುವ ಮೆತ್ತನೆ ಮೂತಿಯ ಗುಂಡು. ಆನೆಗೆ ಎಲುಬು ಸೀಳಿಕೊಂಡು ನೇರ ಹೋಗುವ ಗಟ್ಟಿ ಗುಂಡು. ಒಂದರ ಕೆಲಸಕ್ಕೆ ಇನ್ನೊಂದನ್ನು ತುಂಬಿದರೆ ಗಾಯವಷ್ಟೇ ಉಳಿಯುತ್ತದೆ.

ಎರಡು ಪಂಗಡದ ಮಾತನ್ನೂ ಸೋಸಿದರೆ ಉಳಿಯುವುದು ಇಷ್ಟು: ನಿನ್ನ ಕೈ ತಾಳುವಷ್ಟು ದೊಡ್ಡದು ಆರಿಸಿಕೊ, ಅಂಜಿ ಕಣ್ಣು ಮುಚ್ಚುವಷ್ಟು ದೊಡ್ಡದು ಬೇಡ, ಮೊದಲ ಗುಂಡು ಸರಿಯಾಗಿ ಕೂರುತ್ತದೆಂಬ ಭರವಸೆ ಇಲ್ಲದಿದ್ದರೆ ಹೊಡೆಯಲೇಬೇಡ. ಅಜ್ಜಿ ಹೇಳಿದ್ದೂ ಅದೇ ಅಲ್ಲವೆ?

ಈ ವಾದಗಳಲ್ಲಿ ಹೆಂಗಸರು ಎಲ್ಲಿದ್ದರು ಎಂದು ಹುಡುಕಿದೆ. ಕೋವಿ ಹಿಡಿದವರೂ ಸಿಕ್ಕರು. ವಿವಿಯನ್ ಡಿ ವಾಟ್‌ವಿಲ್ ಎಂಬ ಯುವತಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯಕ್ಕೆ ಪ್ರಾಣಿಗಳನ್ನು ಸಂಗ್ರಹಿಸಲು ತಂದೆಯೊಡನೆ ಆಫ್ರಿಕಾಕ್ಕೆ ಹೋಗಿದ್ದಳು. 1924ರಲ್ಲಿ ತಂದೆ ಸಿಂಹದ ದಾಳಿಗೆ ಸಿಕ್ಕಿ ತೀರಿಕೊಂಡ. ಇಪ್ಪತ್ತನಾಲ್ಕರ ಆ ಹುಡುಗಿ ಊರಿಗೆ ಓಡಿಬರಲಿಲ್ಲ. ಕೋವಿ ಹಿಡಿದು, ಆಳುಗಳ ಹೊಟ್ಟೆ ನೋಡಿಕೊಂಡು, ತಂದೆ ಬಿಟ್ಟಲ್ಲಿಂದ ಕೆಲಸ ಮುಂದುವರಿಸಿದಳು. ಅವಳು ಬರೆದ ಪುಸ್ತಕ 1927ರಲ್ಲಿ ಬಂತು.

ಆದರೆ ಇಂಥವರು ಬೆರಳೆಣಿಕೆಯಷ್ಟು. ಹೆಂಗಸರು ಸಾಲುಸಾಲಾಗಿ ಸಿಗುವುದು ಇನ್ನೊಂದು ಪಟ್ಟಿಯಲ್ಲಿ, ಸತ್ತವರ ಪಟ್ಟಿಯಲ್ಲಿ. ಕುಮಾವೂನಿನ ಚಂಪಾವತ್ ಹೆಣ್ಣುಹುಲಿ ನೇಪಾಳದಲ್ಲಿ 200, ಇತ್ತ ಕುಮಾವೂನಿನಲ್ಲಿ 236, ಒಟ್ಟು 436 ಜನರನ್ನು ಕೊಂದಿತ್ತು. ದನಗಳಿಗೆ ಸೊಪ್ಪು ತರಿಯಲು, ಹುಲ್ಲು ಕೊಯ್ಯಲು, ಪುರುಳೆ ಆರಿಸಲು ಗುಡ್ಡಕ್ಕೆ ಹೋಗುತ್ತಿದ್ದವರು ಹೆಂಗಸರು. ಹೋಗದಿದ್ದರೆ ಒಲೆ ಉರಿಯದು. ಕೊನೆಯ ಬಲಿಯೂ ಹದಿನಾರು ಹದಿನೇಳರ ಹುಡುಗಿ. ಅಕ್ಕನನ್ನು ಕಣ್ಣೆದುರೇ ಹುಲಿ ಎಳೆದೊಯ್ದದ್ದು ನೋಡಿ ಮಾತೇ ನಿಂತುಹೋದ ಹೆಂಗಸೊಬ್ಬಳಿದ್ದಳು. 1907ರಲ್ಲಿ ಜಿಮ್ ಕಾರ್ಬೆಟ್ ಆ ಹುಲಿಯನ್ನು ಕೊಂದು ಚರ್ಮ ತಂದು ತೋರಿಸಿದಾಗ ಅವಳಿಗೆ ಮಾತು ಮರಳಿತು.

ಆ ದಿನ ಕಾರ್ಬೆಟ್ಟನ ಕೈಯಲ್ಲಿದ್ದದ್ದು .500ರ ಜೋಡುನಳಿಗೆ. ತಂದಿದ್ದ ಮೂರು ತೋಟಾ ಮುಗಿದರೂ ಹುಲಿ ಸತ್ತಿರಲಿಲ್ಲ. ಕೊನೆಗೆ ತಹಶೀಲ್ದಾರನ ಹಳೆಯ ಕೋವಿಯನ್ನು ಕಸಿದುಕೊಂಡು ಓಡಿದ. ಎಷ್ಟು ಯೋಚಿಸಿ ಆರಿಸಿದ ಕೋವಿಯೂ ಸಾಲದೆ ಹೋಗುವ ಗಳಿಗೆ ಒಂದಿರುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಸತ್ತ ಹುಲಿಯ ಬಾಯಿ ನೋಡಿದಾಗ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಮೇಲಿನದು ಅರ್ಧ, ಕೆಳಗಿನದು ಬುಡದವರೆಗೆ. ಅದು ಹಿಂದೆಂದೋ ತಗುಲಿದ ಗುಂಡಿನ ಗಾಯ. ಕಾಡಿನ ಬೇಟೆ ಹಿಡಿಯಲಾಗದೆ ಅದು ಮನುಷ್ಯರಿಗೆ ಇಳಿದಿತ್ತು ಎಂದು ಕಾರ್ಬೆಟ್ ಬರೆದ.

ಅಂದರೆ ಯಾರೋ ಒಬ್ಬ ಎಲ್ಲೋ ಒಂದು ಸಂಜೆ ಕೆಟ್ಟದಾಗಿ ಒಂದು ಗುಂಡು ಹೊಡೆದು ಮನೆಗೆ ಹೋದ. ಅದರ ಬಡ್ಡಿಯನ್ನು 436 ಮನೆಗಳು ತೆತ್ತವು. ಆ ಸಾಲನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಟ್ಟಿಟ್ಟ ಸೌದೆ ಹೊರೆಯೇ ಕಣ್ಣ ಮುಂದೆ.

ಮೂರು ತಿಂಗಳಾದ ಮೇಲೆ ಹುಡುಗನನ್ನು ಕರೆದು ಉತ್ತರ ಹೇಳಿದೆ. “ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಸುಮಾರು 405 ಭಾಗ ಅಗಲದ ನಳಿಗೆ, ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಅಮೆರಿಕದ ವಿಂಚೆಸ್ಟರ್ ಕಂಪನಿಯದು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಒಯ್ದದ್ದೂ ಅದೇ. ಆಂಡರ್ಸನ್ ಬೆಂಗಳೂರಿನ ವಿಮಾನ ಕಾರ್ಖಾನೆಯ ನೌಕರ. ರಾಜರ ಹಾಗೆ ಲಂಡನ್ನಿನ ಜೋಡುನಳಿಗೆಗಳನ್ನು ಸಾಲಾಗಿ ಇಟ್ಟುಕೊಂಡವನಲ್ಲ. ದೊಡ್ಡದು ಬೇಕಾದಷ್ಟಿತ್ತು. ತನ್ನ ಕೈಗೆ ಒಗ್ಗಿದ ಒಂದನ್ನೇ ಅವನು ನಂಬಿದ” ಎಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಆಯ್ಕೆಯ ಪ್ರಶ್ನೆಯೇ ನಮ್ಮ ದೇಶದಲ್ಲಿ ಮುಗಿಯಿತೆಂದೂ, 1973ರಲ್ಲಿ ಹುಲಿ ಯೋಜನೆಗೆ ಮೊದಲು ಸೇರಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದೆಂದೂ ಹೇಳಿದೆ. ಈಗ ಕಾಡಿನ ವೈದ್ಯರು ಊರಿಗಿಳಿದ ಹುಲಿಗೆ ಅರಿವಳಿಕೆಯ ಸೂಜಿ ಹಾರಿಸುವಾಗಲೂ ಇದೇ ಯೋಚನೆ. ಪ್ರಾಣಿಯ ತೂಕಕ್ಕೆ ಮದ್ದು ಕಡಿಮೆಯಾದರೆ ಅರೆಮಂಪರಿನಲ್ಲಿ ಎದ್ದು ನುಗ್ಗುತ್ತದೆ, ಹೆಚ್ಚಾದರೆ ಸಾಯುತ್ತದೆ.

ಆಮೇಲೆ ದೊಡ್ಡಜ್ಜಿಯ ಕತೆ ಹೇಳಿದೆ. ಹುಡುಗ ತುಂಬ ಹೊತ್ತು ಸುಮ್ಮನಿದ್ದು, “ಆ ದೊರೆ ಹೆಸರೇನು ಮಿಸ್?” ಎಂದ.

ಗೊತ್ತಿಲ್ಲ. ಅಜ್ಜಿಗೂ ಗೊತ್ತಿರಲಿಲ್ಲ. ದೊಡ್ಡಜ್ಜಿಯ ಹೆಸರು ಗೊತ್ತಿದ್ದವರು ನಮ್ಮ ಮನೆಯಲ್ಲಿ ಈಗ ಇಬ್ಬರೇ ಉಳಿದಿದ್ದೇವೆ, ನಾನು ಮತ್ತು ನನ್ನ ಚಿಕ್ಕಮ್ಮ. ಮೊನ್ನೆ ಮಗಳಿಗೆ ಫೋನು ಮಾಡಿ ಆ ಹೆಸರನ್ನು ಹೇಳಿ, ಒಂದು ಕಡೆ ಬರೆದಿಟ್ಟುಕೋ ಎಂದೆ.